ಬೇವಿನ ಕೊಂಬೆಯ ಕ್ಯಾಲಿಪರ್

ಪೆರಿಯಣ್ಣನ್ ಯಾರಿಗೂ 'ಇಲ್ಲ' ಎಂದವನಲ್ಲ. ಹಿರಿಯರು ಬುದ್ಧಿ ಹೇಳಲಿ, ಹೆಂಡತಿ ಬೈಯಲಿ, ಬಸ್ಸಿನ ಕಂಡಕ್ಟರು ಮುಂದೆ ಸರಿ ಎಂದು ಗದರಲಿ, ಅವನ ಬಾಯಿಂದ ಹೊರಡುತ್ತಿದ್ದುದು ಒಂದೇ ಮಾತು: "ಆಗಟ್ಟುಂ." ಆಗಲಿ ಎಂದು ಅದರ ಅರ್ಥ. ಕಣ್ಣು ಅರ್ಧ ಮುಚ್ಚಿ, ಕತ್ತನ್ನು ಒಂದಿಷ್ಟು ಬಲಕ್ಕೆ ವಾಲಿಸಿ, ಎದುರಿನವರ ಮಾತು ಪೂರ್ತಿ ಮುಗಿಯಲು ಬಿಟ್ಟು, ಆಮೇಲೂ ಒಂದು ಉಸಿರಿನಷ್ಟು ತಡೆದು ಅವನು ಆ ಮಾತನ್ನಾಡುತ್ತಿದ್ದ ಬಗೆಯಲ್ಲಿ ಎಂಥ ವಿನಯವಿತ್ತೆಂದರೆ, ಹೇಳಿದವರು ತಮ್ಮ ಕೆಲಸ ಆದಂತೆಯೇ ಎಂದು ನೆಮ್ಮದಿಯಿಂದ ಹೊರಟುಹೋಗುತ್ತಿದ್ದರು. ಅವನ ಊರಾದ ಕೊಂಬೈ ಕಡೆಯವರು ಮಾತ್ರ ಹಾಗೆ ಹೋಗುತ್ತಿರಲಿಲ್ಲ. ಪೆರಿಯಣ್ಣನ 'ಆಗಟ್ಟುಂ' ಎಂದರೆ ನಿಮ್ಮ ಮಾತು ಅವನ ಕಿವಿಗೆ ಬಿದ್ದಿದೆ ಎಂದಷ್ಟೇ, ಮಾಡುವುದು ಅವನು ತನಗೆ ಸರಿಕಂಡದ್ದನ್ನೇ ಎಂಬುದು ಅಲ್ಲಿ ಎಲ್ಲರಿಗೂ ತಿಳಿದಿತ್ತು. ಇದು ತಿಳಿಯದೆ ಬೇಸ್ತು ಬಿದ್ದವರಲ್ಲಿ ದಿಂಡಿಗಲ್ಲಿನ ಒಂದು ಆಸ್ಪತ್ರೆಯ ಮುತ್ತಯ್ಯನೂ ಒಬ್ಬ. ಅವನಿಗೆ ಬಿದ್ದ ಪೆಟ್ಟು ಎಂಥದೆಂದರೆ, ವರುಷಗಳ ಮೇಲೂ ಅದನ್ನು ನೆನೆದಾಗ ಅವನ ಕೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು.

ಮುತ್ತಯ್ಯ ಆ ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುವವನು, ಕುಂಟುವವರಿಗೆ ಕಾಲಿನ ಆಸರೆಗೆ ಬಿಗಿಯುವ ಕ್ಯಾಲಿಪರ್ ಮಾಡುವವನು. ಹುಟ್ಟಿದ್ದು ಕೊಂಬೈಯ ಪಕ್ಕದ ಹಳ್ಳಿಯಲ್ಲಿ, ಕನ್ನಡದ ಒಕ್ಕಲು ಮನೆಯಲ್ಲಿ. ಆದರೆ ಹದಿನೈದನೆಯ ವಯಸ್ಸಿಗೇ ದಿಂಡಿಗಲ್ ಸೇರಿ ಇಪ್ಪತ್ತೈದು ವರುಷ ಕಳೆದಿದ್ದ. ಹೊರಗೆ ತಮಿಳು, ಮನೆಯೊಳಗೂ ತಮಿಳು. ಅವ್ವ ತೀರಿಕೊಂಡ ಮೇಲೆ ಕನ್ನಡ ಅವನ ನಾಲಿಗೆಯ ಮೇಲೆ ಹಬ್ಬಕ್ಕೊಮ್ಮೆ ಮಾಡುವ ತಿಂಡಿಯಂತಾಗಿತ್ತು. ಅಂಥವನು ಅರುವತ್ತಾರನೆಯ ಇಸವಿಯ ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ಒಂದು ಬೆಳಗ್ಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ, "ತಂಬೀ, ಕಾಲು ಮೋಸ ಮಾಡ್ತದೆ, ನೋಡ್ತೀಯಾ?" ಎಂಬ ಮಾತು ಕೇಳಿ ಬೆಚ್ಚಿ ತಿರುಗಿ ನೋಡಿದ.

ಎದುರಿಗೆ ನಿಂತಿದ್ದವನು ನಲವತ್ತು ದಾಟಿದ, ತಾಳೆಯಂತೆ ನೇರವಾದ ಆಳು. ದಿಂಡಿಗಲ್ಲಿನ ಆ ಸುಡುಬಿಸಿಲಲ್ಲೂ ಮೈಮೇಲೊಂದು ಉಣ್ಣೆಯ ಕೋಟು. ಮಲೆಯ ಮೇಲಿನ ಏಲಕ್ಕಿ ತೋಟದ ದೊರೆಯೊಬ್ಬ ಊರು ಬಿಡುವಾಗ ಕೊಟ್ಟುಹೋದದ್ದಂತೆ. ತೋಳು ಬೆರಳ ಗೆಣ್ಣಿನವರೆಗೆ ಇಳಿದಿತ್ತು. ಅಂಥ ಕೋಟುಗಳಿಗೆ ತೊಗಲನ್ನು ಹೆಣೆದು ಮಾಡಿದ ಗುಂಡಿಗಳಿರುವುದನ್ನು ಮುತ್ತಯ್ಯ ಬಲ್ಲ. ಇದರಲ್ಲಿ ಅವನ್ನೆಲ್ಲ ಕಿತ್ತು, ಹುಣಸೆ ಕಟ್ಟಿಗೆಯನ್ನು ಕೆತ್ತಿ ಮಾಡಿದ ಒಡ್ಡೊಡ್ಡಾದ ಐದು ಗುಂಡಿಗಳನ್ನು ನೂಲಿನಿಂದ ಬಿಗಿಯಲಾಗಿತ್ತು.

"ಏನಣ್ಣಾ, ದೊರೆ ಕೋಟಿಗೆ ಇದೇನ್ ಗುಂಡಿ?" ಎಂದು ಮುತ್ತಯ್ಯ ನಕ್ಕ.

"ಕಟ್ಟಿಗೆ ಗುಂಡಿನೇ ನಲ್ಲಾ ಅದೆ ತಂಬಿ" ಎಂದು, ಅದೇ ಚೆನ್ನ ಎಂಬಂತೆ ಗುಂಡಿ ಸವರಿ, ಪೆರಿಯಣ್ಣನೂ ನಕ್ಕ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಮುತ್ತಯ್ಯನಿಗೆ ಮಾತ್ರ ಅಂದು ಕಣ್ಣಿದ್ದೂ ಕಾಣಲಿಲ್ಲ.

ಅವನು ನಡೆದು ತೋರಿಸಿದ. ಎಡಗಾಲನ್ನು ಮುಂದಿಡುವ ಮೊದಲು ಹೆಬ್ಬೆರಳಿನಿಂದ ನೆಲವನ್ನು ಮುಟ್ಟಿ, ಒಂದು ಗಳಿಗೆ ನಿಂತು, ನೆಲದ ಅಪ್ಪಣೆ ಕೇಳಿದವನಂತೆ ಭಾರ ಬಿಡುತ್ತಿದ್ದ. ಅಷ್ಟು ಎಚ್ಚರವಿದ್ದೂ ಹತ್ತು ಹೆಜ್ಜೆಗೊಮ್ಮೆ ಮೊಣಕಾಲು ಸರಕ್ಕನೆ ಜಾರುತ್ತಿತ್ತು. ಆಗೆಲ್ಲ ಅವನು ನೋವಿಗೆ ಕೂಗದೆ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುತ್ತಿದ್ದ.

ಅವನ ಕಸುಬು ದೇವರ ದನ ಕಾಯುವುದು. ಕೊಂಬೈಯ ಆಚೆ, ಮಲೆಯ ಬುಡದಲ್ಲಿ, ಅವನ ಕುಲದವರು ತಲೆತಲಾಂತರದಿಂದ ಸಾಕಿಕೊಂಡು ಬಂದ ಮಂದೆಯೊಂದಿತ್ತು. ಆ ದನಗಳಿಗೆ ನೊಗ ಹೂಡುವಂತಿಲ್ಲ, ಅವುಗಳ ಹಾಲು ಮಾರುವಂತಿಲ್ಲ, ಸತ್ತರೆ ಮನುಷ್ಯರನ್ನು ಹೂಳುವಂತೆ ಹೂಳಬೇಕು. ಮಂದೆಯ ದೊಡ್ಡಿಗೆ ಅಲ್ಲಿನವರು ತೊಳು ಎನ್ನುತ್ತಾರೆ. ಕಾವಲಿನವನು ದಿನವೂ ಬರಿಗಾಲಲ್ಲಿ ಮಂದೆಯ ಹಿಂದೆ ಮಲೆ ಹತ್ತಿ ಇಳಿಯಬೇಕು. ಯುಗಾದಿ ಆಸುಪಾಸಿನ ಪಂಗುನಿ ತಿಂಗಳಲ್ಲಿ ತೊಳುವಿನಲ್ಲಿ ಎರಡು ಹೋರಿಗಳು ಕಾದಾಡಿದಾಗ ಪೆರಿಯಣ್ಣನ್ ನಡುವೆ ನುಗ್ಗಿದ. ಪಾದ ಕಲ್ಲಿನ ಸಂದಿಯಲ್ಲಿ ಸಿಕ್ಕಿತು, ಮೈ ತಿರುಗಿತು, ಕಾಲು ತಿರುಗಲಿಲ್ಲ. ಒಳಗೆ ಏನೋ 'ಟಪ್' ಎಂದದ್ದು ಗೋಡೆಯಾಚೆ ನಿಂತಿದ್ದ ಅವನ ಹೆಂಡತಿ ಓಚ್ಚಮ್ಮಾಳ್‌ಗೂ ಕೇಳಿಸಿತಂತೆ. ಬತ್ತಲಗುಂಡಿನ ನಾಟಿ ವೈದ್ಯ ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಹಚ್ಚಿ ಕಟ್ಟಿದ. ಊತ ಇಳಿಯಿತು, ಜಾರುವುದು ನಿಲ್ಲಲಿಲ್ಲ. ಕುಲದ ಹಿರಿಯರು ಸಂಕ್ರಾಂತಿಯ ತೈ ತಿಂಗಳವರೆಗೆ ಗಡುವು ಕೊಟ್ಟರು. ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಮಂದೆಯ ಜೊತೆ ಮಲೆ ಹತ್ತಿ ಇಳಿದು ತೋರಿಸಬೇಕು, ಆಗದಿದ್ದರೆ ಕಾವಲಿನ ಕೋಲು ಬೇರೆಯವರ ಕೈಗೆ. ಇದನ್ನು ಹೇಳುವಾಗ ಪೆರಿಯಣ್ಣನ ದನಿ ನಡುಗಲಿಲ್ಲ. ಕಟ್ಟಿಗೆಯ ಗುಂಡಿಯೊಂದನ್ನು ಮಾತ್ರ ಬೆರಳು ತಿರುಗಿಸುತ್ತಲೇ ಇತ್ತು.

ಆಸ್ಪತ್ರೆಯ ಡಾಕ್ಟರ್ ರಾಜೇಂದ್ರನ್ ಮದರಾಸಿನಲ್ಲಿ ಕಲಿತು ಬಂದ ಶಸ್ತ್ರವೈದ್ಯರು. ಮೊಣಕಾಲಿನೊಳಗೆ ಹರಿದುಹೋದ ಕಟ್ಟನ್ನು ಹೊಸದಾಗಿ ಮಾಡುವ ವಿದ್ಯೆಯನ್ನು ಹಟಹಿಡಿದು ಅಭ್ಯಾಸ ಮಾಡುತ್ತಿದ್ದವರು. ಮಂಡಿಚಿಪ್ಪಿನ ಕೆಳಗಿನ ಸ್ನಾಯುವಿನ ಹುರಿಯಿಂದ ಒಂದು ಎಳೆ ಬಿಡಿಸಿ, ತೊಡೆಯೆಲುಬಿಗೆ ತೂತು ಕೊರೆದು, ಅದರೊಳಗೆ ಎಳೆಯನ್ನು ಪೋಣಿಸಿ ಬಿಗಿಯುವುದು ಅವರ ಕ್ರಮ. "ಕೊರೆಯುವುದು ಬಡಗಿಗೂ ಬರುತ್ತೆ ಮುತ್ತಯ್ಯಾ" ಎನ್ನುತ್ತಿದ್ದರು ಅವರು ತಮಿಳಿನಲ್ಲಿ. "ಹುರಿ ಮೆತ್ತಗಿನದು, ಎಲುಬು ಗಟ್ಟಿ. ಒಂದನ್ನೊಂದು ತನ್ನದು ಅಂತ ಹಿಡಿದುಕೊಳ್ಳಬೇಕಲ್ಲ, ಅದು ನಮ್ಮ ಕೈಯಲ್ಲಿಲ್ಲ." ಪೆರಿಯಣ್ಣನಿಗಿಂತ ಮುಂಚೆ ಅವರು ಏಳು ಮೊಣಕಾಲುಗಳನ್ನು ತೆರೆದಿದ್ದರು. ಅವುಗಳಲ್ಲಿ ಮೂರು ಮತ್ತೆ ಸಡಿಲವಾದವು, ಎರಡು ಮರದ ಕೊರಡಿನಂತೆ ಸೆಟೆದುಕೊಂಡವು. ಸಡಿಲವಾದವರೆಲ್ಲ ಅವಧಿಗೆ ಮುಂಚೆ ಕಾಲು ಅಲುಗಿಸಿದವರೇ ಎಂಬುದು ಡಾಕ್ಟರರ ನಂಬಿಕೆ. ಆದ್ದರಿಂದ ಅವರ ಕಟ್ಟಳೆ ಕಬ್ಬಿಣದಂತಿತ್ತು: ಆರು ವಾರ ಪ್ಲಾಸ್ಟರ್, ಆಮೇಲೆ ನಾಲ್ಕು ತಿಂಗಳು ಕಾಲು ಮಡಿಸಗೊಡದ ಕ್ಯಾಲಿಪರ್, ಹಗಲೂ ರಾತ್ರಿ. ಪೆರಿಯಣ್ಣನ ಕಾಲನ್ನೂ ಹೀಗೇ ತೆರೆದು, ಬಿಗಿದು, ಪ್ಲಾಸ್ಟರ್ ಹಾಕಿಸಿದರು.

ಪೆರಿಯಣ್ಣನ ಕ್ಯಾಲಿಪರನ್ನು ಮುತ್ತಯ್ಯ ಹೊಲಿದಷ್ಟು ಆಸ್ಥೆಯಿಂದ ಬೇರೆ ಯಾರದನ್ನೂ ಹೊಲಿದಿರಲಿಲ್ಲ. ತನ್ನ ಊರಿನ ಕಡೆಯವನು, ತನ್ನವ್ವನ ಮಾತನ್ನಾಡುವವನು! ದಿಂಡಿಗಲ್ಲಿನ ತೊಗಲು ಹದ ಮಾಡುವವರ ಬಳಿ ತಾನೇ ಹೋಗಿ, ಹತ್ತು ತೊಗಲು ಸವರಿ ನೋಡಿ, ಬೆಣ್ಣೆಯಂಥದೊಂದನ್ನು ಆರಿಸಿ ತಂದ. ತೊಡೆಗೊಂದು ಬಟ್ಟಲು, ಮೀನಖಂಡಕ್ಕೊಂದು, ನಡುವೆ ಎರಡು ಕಬ್ಬಿಣದ ಪಟ್ಟಿ, ನಾಲ್ಕು ಬಾರು. ಪ್ಲಾಸ್ಟರ್ ಒಡೆದ ದಿನ ಅದನ್ನು ಕಾಲಿಗೆ ಬಿಗಿಯುತ್ತಿದ್ದಾಗ ಪೆರಿಯಣ್ಣನ್ ಬಾಗಿ ಅದರ ವಾಸನೆ ನೋಡಿದ. ಮುಖವೆತ್ತಿ ಕೇಳಿದ, "ಇದು ಏನ್ ತೋಲು ತಂಬಿ?"

"ಒಂದನೇ ನಂಬರ್ ಹಸು ತೋಲಣ್ಣಾ! ಹತ್ತು ವರುಷ ಆದ್ರೂ ಏನೂ ಆಗಲ್ಲ. ಹಗಲೂ ರಾತ್ರಿ ಬಿಚ್ಚಬಾರದು, ತಿಳೀತಾ? ತಿಂಗಳಿಗೊಂದ್ಸಲ ಬಂದು ತೋರಿಸ್ಬೇಕು."

ಪೆರಿಯಣ್ಣನ್ ಕಣ್ಣು ಅರ್ಧ ಮುಚ್ಚಿದ. ಕತ್ತು ಬಲಕ್ಕೆ ವಾಲಿತು. "ಆಗಟ್ಟುಂ" ಎಂದ.

ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು, ಆಸಾಮಿಯ ಪತ್ತೆಯಿಲ್ಲ. ತೈಗೆ ಮುಂಚಿನ ಮಾರ್ಗಳಿಯ ನಡುವಿನಲ್ಲಿ ಡಾಕ್ಟರರು ತಾಳ್ಮೆಗೆಟ್ಟು, ಹೋಗಿ ಕರೆದುಕೊಂಡೇ ಬಾ ಎಂದು ಮುತ್ತಯ್ಯನನ್ನು ಅಟ್ಟಿದರು. ಬಸ್ಸು ಬದಲಾಯಿಸಿ ಬದಲಾಯಿಸಿ ಅವನು ಕೊಂಬೈ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ತೊಳುವಿನ ದಾರಿ ಕಾಲಿಗೆ ನೆನಪಿತ್ತು. ಹುಡುಗನಾಗಿದ್ದಾಗ ಅಪ್ಪನ ಹಿಂದೆ ಹುಲ್ಲು ಹೊತ್ತು ಎಷ್ಟೋ ಸಲ ಬಂದಿದ್ದ. ಕಲ್ಲುಗೋಡೆಯ ಬಾಗಿಲಿನ ಪಕ್ಕ ಅದೇ ಹಳೆಯ ಬೇವಿನ ಮರ, ಅದರ ಬುಡದಲ್ಲಿ ನಾಲ್ಕಾರು ಜೊತೆ ಚೆಪ್ಪಲಿ. ತಲೆಯೆತ್ತಿದವನು ಗರಬಡಿದವನಂತೆ ನಿಂತ.

ಕೊಂಬೆಗೆ ಅವನ ಕ್ಯಾಲಿಪರ್ ನೇತಾಡುತ್ತಿತ್ತು.

ಅದರ ಬಾರುಗಳ ಹೊಳಪು ಇನ್ನೂ ಮಾಸಿರಲಿಲ್ಲ. ತೊಡೆಯ ಬಟ್ಟಲಿನೊಳಗೆ ಅಳಿಲೊಂದು ನಾರು, ಹತ್ತಿ ತುಂಬಿ ಗೂಡು ಕಟ್ಟಲು ಹೊರಟಿತ್ತು. ನಾಲ್ಕು ಗಂಟೆ ಹೊತ್ತು ಬೆವರಿಳಿಸಿ ಡಾಕ್ಟರರು ಮಾಡಿದ ಕೆಲಸ, ಆರಿಸಿ ಆರಿಸಿ ತಾನು ಹೊಲಿದ ತೊಗಲು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗೋಡೆಯ ಮೇಲಿಂದ ಇಣುಕಿದ. ಒಳಗೆ ಪೆರಿಯಣ್ಣನ್ ಬರಿಗಾಲಲ್ಲಿ, ಕಟ್ಟಿಗೆ ಗುಂಡಿಯ ಕೋಟು ತೊಟ್ಟು, ಒಂದು ಮುದಿ ಕೆಂದ ಹಸುವಿನ ಬೆನ್ನ ಮೇಲೆ ಕೈಯಿಟ್ಟು ಕಲ್ಲು ಹಾಸಿನ ಮೇಲೆ ನಡೆಯುತ್ತಿದ್ದ. ಮೊಣಕಾಲು ಮಡಿಯುತ್ತಿತ್ತು, ನೆಟ್ಟಗಾಗುತ್ತಿತ್ತು, ಮತ್ತೆ ಮಡಿಯುತ್ತಿತ್ತು. ತೈ ತಿಂಗಳಿಗೆ ಇನ್ನು ಎರಡೇ ವಾರ.

"ಅಣ್ಣಾ! ಕೆಡಿಸ್ಕೊಂಡ್ಯಲ್ಲೋ ಅಣ್ಣಾ!" ಎಂದು ಕೂಗುತ್ತ ಅವನು ಬಾಗಿಲೊಳಕ್ಕೆ ನುಗ್ಗಿದ. ಎರಡು ಹೆಜ್ಜೆ ಇಟ್ಟಿರಬೇಕು, ಸಗಣಿ ಬಾಚುತ್ತಿದ್ದ ಓಚ್ಚಮ್ಮಾಳ್ ಬುಟ್ಟಿಯನ್ನು ಅಲ್ಲೇ ಬಿಸಾಡಿ ಅಡ್ಡ ಬಂದಳು.

"ಯೇ! ನಿಲ್ಲು ಅಲ್ಲೇ! ಚೆಪ್ಪಲಿ ಆಕ್ಕೊಂಡು ದೇವ್ರ ತೊಳುಗೆ ಕಾಲಿಡ್ತೀಯಾ? ಯಾರ್ ಮಗ ನೀನು?"

ಮುತ್ತಯ್ಯ ತನ್ನ ಕಾಲು ನೋಡಿಕೊಂಡ. ಚೆಪ್ಪಲಿ ನೋಡಿದ. ತಿರುಗಿ ಮರದ ಕೊಂಬೆ ನೋಡಿದ. ಆಮೇಲೆ, ದೊರೆಯ ಕೋಟಿನ ಮೇಲಿನ ಕಟ್ಟಿಗೆಯ ಗುಂಡಿಗಳನ್ನು ಮೊದಲ ಸಲವೆಂಬಂತೆ ನೋಡಿದ. ತೊಗಲಿನದು ಯಾವುದೂ ಈ ಬಾಗಿಲು ದಾಟಬಾರದು. ಐದು ವರುಷದ ಮಗುವಿಗೆ ಅವ್ವ ಹೇಳಿಕೊಟ್ಟ ಮಾತು ಅದು. ಹಸುವಿನ ಮಕ್ಕಳನ್ನು ಕಾಯುವವನ ಕಾಲಿಗೆ ಹಸುವಿನ ತೊಗಲನ್ನೇ ಸುತ್ತಿ, ಒಂದನೇ ನಂಬರ್ ಎಂದು ಅವನ ಮುಖಕ್ಕೇ ಹೇಳಿ ಹಿಗ್ಗಿದವನು ತಾನು! ಡಾಕ್ಟರರಿಗೆ ಗೊತ್ತಿಲ್ಲದ್ದು ಕ್ಷಮ್ಯ. ಇದೇ ಮರದ ಕೆಳಗೆ ಅಪ್ಪ ಚೆಪ್ಪಲಿ ಬಿಡುವುದನ್ನು ಕಂಡು ಬೆಳೆದವನಿಗೆ ಗೊತ್ತಿಲ್ಲದೆ ಹೋಯಿತೆಂದರೆ?

"ಕಾಳಿಮುತ್ತು ಮಗ" ಎಂದ ಮುತ್ತಯ್ಯ.

"ಕಾಳಿಮುತ್ತು ಮಗನಾ!" ಓಚ್ಚಮ್ಮಾಳ್ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಬಿಸಾಡಿದ್ದ ಬುಟ್ಟಿಯನ್ನು ಎತ್ತಿಕೊಂಡು ಮತ್ತೆ ಸಗಣಿ ಬಾಚತೊಡಗಿದಳು. ಬೈದಿದ್ದರೇ ಚೆನ್ನಾಗಿತ್ತು ಎಂದು ಮುತ್ತಯ್ಯನಿಗೆ ಅನ್ನಿಸಿತು.

ಚೆಪ್ಪಲಿ ಬಿಟ್ಟು ಬಂದು ಅವನು ಕಲ್ಲಿನ ತೊಟ್ಟಿಯ ಮೇಲೆ ಕುಸಿದು ಕುಳಿತ. ಪೆರಿಯಣ್ಣನ್ ಪಕ್ಕದಲ್ಲಿ ಕುಳಿತು, ತಪ್ಪು ಮಾಡಿದವನಂತೆ ಮೆಲ್ಲನೆ ಹೇಳಿದ: "ಮನೇಲಿ ಕಟ್ಕೊಂತೀನಿ ತಂಬಿ, ದಾರೀಲೂ ಕಟ್ಕೊಂತೀನಿ. ತೊಳು ಬಾಗಿಲಾಗೆ ಚೆಪ್ಪಲಿ ತರ ಬಿಟ್ಬುಡ್ತೀನಿ. ದನದ ಮುಂದೆ ದನದ ತೋಲು ಆಕ್ಕೊಂಡು ನಿಂತ್ಕೊಳ್ಳೋದಾ?"

"ಅಂದೇ ಹೇಳೋದಲ್ವಾ ಅಣ್ಣಾ? ಬಟ್ಟೇಲಿ ಹೊಲಿದು ಕೊಡ್ತಿದ್ದೆ!"

"ನೀನು ಆಸೆಯಾಗಿ ಹೊಲಿದಿದ್ದೆ."

ಕ್ಯಾಲಿಪರ್ ಮರದ ಮೇಲಿದ್ದರೆ ಕಾವಲುಗಾರ ಹಗಲೆಲ್ಲ ನಡೆದದ್ದು ಹೇಗೆ ಎಂದರೆ, ಸೆವಲಿಯ ಜೊತೆ. ಸೆವಲಿ ಎಂದರೆ ಆ ಮುದಿ ಹಸು. ವಯಸ್ಸಾಗಿ ಮಲೆ ಹತ್ತಲಾರದೆ, ಅವನಂತೆಯೇ ತೊಳುವಿನಲ್ಲಿ ಉಳಿದದ್ದು. ಮೊದಮೊದಲು ಅದರ ಬೆನ್ನಿಗೆ ಭಾರವನ್ನೆಲ್ಲ ಬಿಟ್ಟು ನಾಲ್ಕು ಹೆಜ್ಜೆ. ಅದು ನಿಂತರೆ ಅವನೂ ನಿಲ್ಲುವುದು, ಅದು ಮಲಗಿದರೆ ತೊಟ್ಟಿಯ ಮೇಲೆ ಕುಳಿತು ಕಾಲು ಇಳಿಬಿಟ್ಟು ಅದರ ಕಿವಿಯ ಉಣ್ಣಿ ಕೀಳುವುದು. ಬರಬರುತ್ತ ತೊಳುವಿನ ಒಂದು ಸುತ್ತು, ಆಮೇಲೆ ಎರಡು. ಮುದಿ ಹಸು ಅವಸರ ಮಾಡುವುದಿಲ್ಲ, ಒಂದೇ ಕಡೆ ಬಹಳ ಹೊತ್ತು ನಿಲ್ಲುವುದೂ ಇಲ್ಲ. ಅವನ ಕಾಲಿಗೆ ಸಿಕ್ಕಿದ ಚಿಕಿತ್ಸೆ ಇಷ್ಟೇ.

ನಾಲ್ಕು ದಿನದ ಮೇಲೆ ದಿಂಡಿಗಲ್ಲಿನಲ್ಲಿ ಡಾಕ್ಟರರು ಪೆರಿಯಣ್ಣನನ್ನು ಮೇಜಿನ ಮೇಲೆ ಮಲಗಿಸಿದಾಗ ಮುತ್ತಯ್ಯ ಪಕ್ಕದಲ್ಲೇ ನಿಂತಿದ್ದ. ಅವರು ಮೊಣಕಾಲನ್ನು ಮಡಿಸಿ, ಪಾದದ ಮೇಲೆ ಕುಳಿತು, ಎರಡೂ ಕೈಯಿಂದ ಮೀನಖಂಡವನ್ನು ಹಿಡಿದು ಮುಂದಕ್ಕೆ ಎಳೆದರು. ಕಾಲು ಜರುಗಲಿಲ್ಲ. ಇನ್ನೂ ಜೋರಾಗಿ ಎಳೆದರು. ಬಾವಿಕಟ್ಟೆಗೆ ಹುಗಿದ ಕಂಬದಂತೆ ನಿಂತಿತ್ತು. ಬಲಗಾಲನ್ನು ಎಳೆದು ಹೋಲಿಸಿದರು, ಎಕ್ಸ್-ರೇ ತೆಗೆಸಿ ಬೆಳಕಿಗೆ ಹಿಡಿದು ತೂತಿನ ಅಂಚನ್ನು ಹತ್ತು ನಿಮಿಷ ದಿಟ್ಟಿಸಿದರು. ಕುಕ್ಕರಗಾಲಲ್ಲಿ ಕೂರು ಎಂದರು, ಕುಳಿತ, ಎದ್ದ. ಡಾಕ್ಟರರ ಕಣ್ಣಲ್ಲಿ ನೀರು ಬಂತು.

"ಹಗಲೂ ರಾತ್ರಿ ಹಾಕಿಕೊಂಡಿದ್ದೆ ಅಲ್ವಾ?"

"ಆಗಟ್ಟುಂ ಸಾಮಿ."

"ನೋಡಿದೆಯಾ ಮುತ್ತಯ್ಯಾ? ಹಿಂದಿನ ಏಳರಲ್ಲಿ ಇಂಥದೊಂದು ಕಾಲು ಸಿಕ್ಕಿರಲಿಲ್ಲ. ಹೇಳಿದ ಮಾತು ಕೇಳುವವನ ಕಾಲು ಹೀಗಿರುತ್ತೆ! ಇನ್ನು ಮೇಲೆ ನಾಲ್ಕು ತಿಂಗಳಲ್ಲ, ಎಲ್ಲರಿಗೂ ಆರು ತಿಂಗಳು. ಆ ಚಿನ್ನಾಳಪಟ್ಟಿಯ ಜೆಯಲಕ್ಷ್ಮಿಯಿಂದಲೇ ಶುರುಮಾಡೋಣ." ಅವರು ಪೆನ್ನು ತೆಗೆದು ಕಾಗದದಲ್ಲಿ ಬರೆಯತೊಡಗಿದರು.

ಜೆಯಲಕ್ಷ್ಮಿ ಸೀರೆ ನೇಯುವವಳು. ನೆಲದ ಹಳ್ಳದಲ್ಲಿ ಹೂಡಿದ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿಯಬೇಕಾದವಳು, ಕಾಲು ಸೆಟೆದರೆ ಮಗ್ಗಕ್ಕೆ ಇಳಿಯುವುದೇ ಇಲ್ಲ. ವಾರ್ಡಿನ ಮೂಲೆಯಲ್ಲಿ ಪ್ಲಾಸ್ಟರಿನೊಳಗೆ ಮಲಗಿ ಅವಳು ದಿನ ಎಣಿಸುತ್ತಿದ್ದಳು. ಮುತ್ತಯ್ಯ ಒಮ್ಮೆ ಪೆರಿಯಣ್ಣನ ಮುಖ ನೋಡಿದ, ಒಮ್ಮೆ ಪೆನ್ನು ನೋಡಿದ. ಸುಮ್ಮನಿದ್ದರೆ ತನ್ನ ಕ್ಯಾಲಿಪರಿಗೆ ಕೀರ್ತಿ. ಹೇಳಿದರೆ ಕೆಲಸ ಉಳಿಯುತ್ತದೋ ಇಲ್ಲವೋ. ಹೇಳಿಬಿಟ್ಟ. ಮರ, ಕೊಂಬೆ, ಅಳಿಲು, ಹಸು, ಎಲ್ಲವನ್ನೂ.

ಡಾಕ್ಟರರ ಪೆನ್ನು ಕಾಗದದ ಮೇಲೇ ನಿಂತು ಶಾಯಿ ಹರಡಿತು. "ಏನಂದೆ?" ಎಂದರು. ಮತ್ತೆ "ಏನಂದೆ?" ಎಂದರು. ಮುಖದಲ್ಲಿ ರಕ್ತವಿರಲಿಲ್ಲ. "ಹುಚ್ಚ! ಕಿತ್ತುಹೋಗಿದ್ದರೆ?" ಎಂದು ಪೆರಿಯಣ್ಣನ ಮೇಲೆ ಕೂಗಿದರು, ಅವನು ಕತ್ತು ವಾಲಿಸಿದ. ಏಳು ಕಾಲುಗಳ ಹಳೆಯ ಕಾಗದಗಳನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ಹರಡಿಕೊಂಡು, ತಲೆಗೆ ಕೈಕೊಟ್ಟು ಕುಳಿತರು. ಒಂದೊಂದಾಗಿ ಎಲ್ಲವನ್ನೂ ಓದಿ ಮುಗಿಸಿ ಅವರು ಕೇಳಿದ್ದು ಇಷ್ಟು: "ಆ ಹಸುವಿಗೆ ಯಾರು ಹೇಳಿಕೊಟ್ಟರು?"

ಒಂದು ಕಾಲಿನಿಂದ ಶಾಸ್ತ್ರವಾಗುವುದಿಲ್ಲ, ಇದು ಬರೀ ಅದೃಷ್ಟವೂ ಇರಬಹುದು ಎಂದು ಆಮೇಲೆ ಅವರೇ ಹೇಳಿದರು. ಹಾಗೆ ಹೇಳುತ್ತಲೇ ಆರು ತಿಂಗಳು ಎಂಬುದನ್ನು ಹೊಡೆದುಹಾಕಿದರು. ಜೆಯಲಕ್ಷ್ಮಿಯ ಪ್ಲಾಸ್ಟರ್ ಒಡೆದ ವಾರದಿಂದಲೇ ದಿನಕ್ಕೆರಡು ಹೊತ್ತು ಕ್ಯಾಲಿಪರ್ ಬಿಚ್ಚಿ, ಮುತ್ತಯ್ಯನ ಹೆಗಲು ಹಿಡಿಸಿ ಅವಳನ್ನು ನಡೆಸಿದರು. "ಅವಸರ ಬೇಡ, ನಿಲ್ಲಲೂ ಬೇಡ" ಎಂದು ಪಕ್ಕದಲ್ಲೇ ನಿಂತು ಹೇಳುತ್ತಿದ್ದ ಆ ದೊಡ್ಡ ಡಾಕ್ಟರರು ಹೆದರಿದ್ದರು ಎಂಬುದು ಮುತ್ತಯ್ಯನಿಗೆ ಮಾತ್ರ ಕಾಣುತ್ತಿತ್ತು. ಅವಳು ಮುಂದೆ ಮಗ್ಗಕ್ಕೆ ಇಳಿದಳು. ಕಾಲು ಪೂರ್ತಿ ಮಡಿಯಲಿಲ್ಲ, ತುಳಿಯುವಷ್ಟು ಮಡಿಯಿತು.

ಮಾಟ್ಟುಪೊಂಗಲ್ ದಿನ ಪೆರಿಯಣ್ಣನ್ ಮಂದೆಯ ಹಿಂದೆ ಮಲೆ ಹತ್ತಿ, ಬಿಸಿಲು ತಿರುಗುವ ಮುಂಚೆ ಇಳಿದು ಬಂದ. ಹೆಬ್ಬೆರಳಿನಿಂದ ನೆಲದ ಅಪ್ಪಣೆ ಕೇಳುವ ಅಭ್ಯಾಸ ಮಾತ್ರ ಉಳಿದುಬಿಟ್ಟಿತ್ತು. ಹಿರಿಯರು ಕೋಲನ್ನು ಅವನ ಕೈಯಲ್ಲೇ ಬಿಟ್ಟರು.

ಜೆಯಲಕ್ಷ್ಮಿ ಮಗ್ಗಕ್ಕೆ ಇಳಿದ ಮೇಲೆ ಅವಳಿಂದ ನಾಲ್ಕು ಬೆರಳಗಲದ ದಪ್ಪ ನೂಲಿನ ಪಟ್ಟಿ ನೇಯಿಸಿಕೊಂಡು, ಮುತ್ತಯ್ಯ ಪೆರಿಯಣ್ಣನ್ ಆಸ್ಪತ್ರೆಗೆ ಒಪ್ಪಿಸಿದ್ದ ಆ ಕ್ಯಾಲಿಪರಿನ ತೊಗಲನ್ನೆಲ್ಲ ಬಿಚ್ಚಿ ಬಟ್ಟೆಯಿಂದ ಹೊಸದಾಗಿ ಹೊಲಿದ. ಕಾಲು ಗಟ್ಟಿಯಾದವನಿಗೆ ಅದು ಬೇಡವಾಗಿತ್ತು, ಮುತ್ತಯ್ಯನಿಗೂ ಅದು ಗೊತ್ತಿತ್ತು. ಆದರೂ ಕೊಂಬೈಗೆ ಹೋಗಿ, ಬೇವಿನ ಬುಡದಲ್ಲಿ ಚೆಪ್ಪಲಿ ಬಿಟ್ಟು, ಅದನ್ನು ಎರಡೂ ಕೈಯಲ್ಲಿ ಹಿಡಿದು ತೊಳುವಿನೊಳಗೆ ನಡೆದ. ಪೆರಿಯಣ್ಣನ್ ಅದರ ವಾಸನೆ ನೋಡಿದ, "ಆಗಟ್ಟುಂ" ಎಂದ, ತೊಳುವಿನ ಒಳಗೋಡೆಯ ಗೂಟಕ್ಕೆ ನೇತುಹಾಕಿದ. ಮುತ್ತಯ್ಯನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಅವತ್ತು ನಿನ್ ಕಾಲಿಗೆ ಹಸು ತೋಲು ಕಟ್ಟಿದೆನಲ್ಲ, ನನ್ ಮೇಲೆ ಕೋಪ ಬಂತಾ?"

ಎಂದಿನಂತೆ ಕಣ್ಣು ಅರ್ಧ ಮುಚ್ಚುತ್ತದೆ, ಕತ್ತು ವಾಲುತ್ತದೆ ಎಂದು ಮುತ್ತಯ್ಯ ಕಾದ. ಪೆರಿಯಣ್ಣನ್ ಕಣ್ಣು ಪೂರ್ತಿ ತೆರೆದು ಅವನನ್ನು ನೇರವಾಗಿ ನೋಡಿದ.

"ಇಲ್ಲ" ಎಂದ.

ಎದುರಿನವರ ಮನಸ್ಸು ನೋಯದಿರಲೆಂದು ಎಲ್ಲಕ್ಕೂ ತಲೆಯಾಡಿಸುತ್ತ, ತಾವು ನಂಬಿದ್ದರಿಂದ ಮಾತ್ರ ಕೂದಲೆಳೆಯಷ್ಟೂ ಸರಿಯದ ಜನ ಪ್ರತಿಯೊಂದು ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಮೊದ್ದರೆಂದೋ ಮೊಂಡರೆಂದೋ ಕರೆದು ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ. ಅವರು ವಾದಕ್ಕೆ ನಿಲ್ಲುವವರಲ್ಲ. ಹೇಳಬೇಕಾದ್ದನ್ನು ಕೋಟಿನ ಗುಂಡಿಯಲ್ಲಿ ಮೊದಲ ದಿನವೇ ಹೇಳಿಬಿಟ್ಟಿರುತ್ತಾರೆ. ನೋಡಿಯೂ ನಕ್ಕು ಮುಂದೆ ಹೋದವರು ನಾವು. ಬೇರೆಯವರಾಗಿದ್ದರೆ ಅದು ಅಜ್ಞಾನವೆನಿಸಿಕೊಳ್ಳುತ್ತಿತ್ತು, ಅದೇ ಮರದ ನೆರಳಲ್ಲಿ ಬೆಳೆದವರಿಗೆ ಅದು ಮರೆವು. ಮರೆವನ್ನು ಕ್ಷಮಿಸುವುದು ಅಜ್ಞಾನವನ್ನು ಕ್ಷಮಿಸುವುದಕ್ಕಿಂತ ಬಹಳ ಕಷ್ಟ. ಇಂಥವರು ಅದನ್ನೂ ಒಂದೇ ಮಾತಿನಲ್ಲಿ ಮುಗಿಸಿ, ಕೋಲು ತೆಗೆದುಕೊಂಡು ಮಂದೆಯ ಹಿಂದೆ ಹೊರಟುಬಿಡುತ್ತಾರೆ.